ಈಜು ಬಾರದು, ಘಾಟಿಯಲ್ಲೇ ವಾಂತಿ: ಗಲಾಪಗೋಸ್‌ನ ಸಣ್ಣ ಹಡಗು ನಮಗೆ ಆದೀತೇ?

ಓದುಗರ ಪ್ರಶ್ನೆ: ವಿರಾಜಪೇಟೆ ಹತ್ತಿರ ನಮ್ಮದು ಕಾಫಿ ತೋಟ. ನನಗೆ 61, ಮನೆಯವರಿಗೆ 56. ಮಗಳ ಒತ್ತಾಯಕ್ಕೆ, ದಕ್ಷಿಣ ಅಮೆರಿಕದ ಎಕ್ವಡಾರ್ ದೇಶಕ್ಕೆ ಸೇರಿದ ಗಲಾಪಗೋಸ್ ದ್ವೀಪಗಳನ್ನು 16 ಜನರ ಸಣ್ಣ ಹಡಗಿನಲ್ಲಿ ಸುತ್ತುವ ಯೋಚನೆ ಮಾಡಿದ್ದೇವೆ. ಏಜೆಂಟರು, "ಸೆಪ್ಟೆಂಬರ್ ಕೊನೆಗೆ ರಿಯಾಯಿತಿ ಇದೆ, ಕೈಲ್‌ಪೊಳ್ದ್ ಹಬ್ಬ ಮುಗಿಸಿಕೊಂಡೇ ಹೊರಡಿ, ತಿಮಿಂಗಿಲ ಗ್ಯಾರಂಟಿ" ಎನ್ನುತ್ತಾರೆ. ಹೋಗಿ ಬಂದ ನೆಂಟರೊಬ್ಬರು, "ನೀರಿಗೆ ಇಳಿಯದಿದ್ದರೆ ಮುಕ್ಕಾಲು ಪಾಲು ನೋಡಿದಂತೆಯೇ ಅಲ್ಲ, ದುಡ್ಡು ದಂಡ" ಎಂದರು. ನಮ್ಮಿಬ್ಬರಿಗೂ ಈಜು ಬಾರದು. ಮನೆಯವರಿಗೆ ಸಂಪಾಜೆ ಘಾಟಿ ಇಳಿಯುವಷ್ಟರಲ್ಲೇ ವಾಂತಿ. ಸಣ್ಣ ಹಡಗು ಹೆಚ್ಚು ತೂಗಾಡುತ್ತದಂತೆ. ಶಾರ್ಕ್, ಸೀ ಲಯನ್ (ಕಡಲಸಿಂಹ)ಗಳ ಭಯ ಬೇರೆ. ಹೋಗಬಹುದೇ? ಹೋದರೆ ಯಾವ ತಿಂಗಳು, ಎಂಥ ಹಡಗು? ದೊಡ್ಡ ಕ್ಯಾಮೆರಾ ಕೊಳ್ಳಬೇಕೇ?

ಉತ್ತರ:

ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿದ್ದರೂ ಒಳಗಿನ ಅಳುಕು ಒಂದೇ. ಇಷ್ಟು ದೂರ ಹೋಗಿ, ಇಷ್ಟು ಖರ್ಚು ಮಾಡಿ, ಒಬ್ಬರು ಕ್ಯಾಬಿನ್‌ನಲ್ಲಿ ತಲೆ ಹಿಡಿದುಕೊಂಡು ಮಲಗಿ, ಇನ್ನೊಬ್ಬರು ಡೆಕ್ ಮೇಲೆ ನಿಂತು ಬೇರೆಯವರು ನೀರಿಗಿಳಿಯುವುದನ್ನು ನೋಡಿಕೊಂಡು ಬರುವ ಹಾಗಾದರೆ ಏನು ಗತಿ ಎಂಬುದು. ಹಾಗೆ ಆಗಬೇಕಾಗಿಲ್ಲ. ಆದರೆ ಏಜೆಂಟರು ಹೇಳಿದ ತಿಂಗಳಲ್ಲಿ, ಅವರು ಕೊಟ್ಟ ಕ್ಯಾಬಿನ್ ಒಪ್ಪಿಕೊಂಡು ಹೊರಟರೆ ಆಗುವ ಸಾಧ್ಯತೆ ಸಾಕಷ್ಟಿದೆ. ಅಲ್ಲಿ ಏನು ನೋಡುತ್ತೀರಿ, ಎಷ್ಟು ಸುಖವಾಗಿ ನೋಡುತ್ತೀರಿ ಎನ್ನುವುದನ್ನು ತೀರ್ಮಾನಿಸುವುದು ಹಡಗಿನ ಅಂದಚೆಂದ ಅಲ್ಲ. ಯಾವ ತಿಂಗಳು ಮತ್ತು ಯಾವ ದಾರಿ ಎಂಬುದು.

ಮೊದಲು ಗ್ಯಾರಂಟಿಯ ಮಾತು. ನಾಗರಹೊಳೆಯ ಸಫಾರಿಯಲ್ಲಿ ಹುಲಿ ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ನೀವು ನಗುತ್ತೀರಿ. ತಿಮಿಂಗಿಲದ್ದೂ ಅದೇ ಲೆಕ್ಕ. ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಏಜೆಂಟರು ಹೇಳುವುದಿಲ್ಲ. ಗಲಾಪಗೋಸ್‌ನ ಸಣ್ಣ ಹಡಗುಗಳು ದೂರದ ಪಯಣವನ್ನೆಲ್ಲ ರಾತ್ರಿ ಮಾಡುತ್ತವೆ. ನೀವು ಮಲಗಿದ್ದಾಗ ಹಡಗು ಸಾಗಿ, ಬೆಳಗಾಗುವಾಗ ಮುಂದಿನ ದ್ವೀಪದ ಎದುರು ಲಂಗರು ಹಾಕಿರುತ್ತದೆ. ತಿಮಿಂಗಿಲ ಕಾಣುವುದು ಹಗಲು ಹೊತ್ತು, ಆಳ ನೀರಿನಲ್ಲಿ ಹಡಗು ಚಲಿಸುವಾಗ. ಅಂಥ ಅವಕಾಶ ಚೆನ್ನಾಗಿ ಸಿಗುವುದು ಪಶ್ಚಿಮದ ದಾರಿಯಲ್ಲಿ, ಇಸಬೆಲಾ ಮತ್ತು ಫೆರ್ನಾಂಡಿನಾ ದ್ವೀಪಗಳ ನಡುವಿನ ಬೊಲಿವರ್ ಕಾಲುವೆಯಲ್ಲಿ. ನಿಮ್ಮ ವೇಳಾಪಟ್ಟಿಯಲ್ಲಿ ಆ ಹೆಸರೇ ಇಲ್ಲದಿದ್ದರೆ ತಿಮಿಂಗಿಲದ ಆಸೆಯನ್ನು ಅರ್ಧ ಕಡಿಮೆ ಮಾಡಿಕೊಳ್ಳಿ.

ನೆಂಟರ ಮಾತಿನಲ್ಲಿ ಎಷ್ಟು ನಿಜ?

ಈಜು ಬಾರದವರು ಕಳೆದುಕೊಳ್ಳುವುದು ನೀರೊಳಗಿನ ನೋಟ. ಕಡಲಾಮೆ ಪಾಚಿ ಮೇಯುವುದು, ಪೆಂಗ್ವಿನ್ ಬಾಣದ ಹಾಗೆ ಮೀನಿನ ಹಿಂದೆ ಹೋಗುವುದು, ಸೀ ಲಯನ್ ಮರಿಗಳು ನೀರಲ್ಲಿ ಪಲ್ಟಿ ಹೊಡೆಯುವುದು. ಅದು ಸಣ್ಣ ನಷ್ಟ ಎಂದು ಸುಳ್ಳು ಸಮಾಧಾನ ಹೇಳುವುದಿಲ್ಲ. ಆದರೆ ಮುಕ್ಕಾಲು ಪಾಲು ಹೋಯಿತು ಎನ್ನುವುದು ತಪ್ಪು. ಬೇರೆ ಸಮುದ್ರಗಳಲ್ಲಿ ಕಡಲಜೀವಿ ನೋಡಲು ಹೆಚ್ಚಾಗಿ ನೀರಿಗೆ ಇಳಿಯಬೇಕು. ಗಲಾಪಗೋಸ್‌ನ ವಿಶೇಷವೇ ಅವು ದಡಕ್ಕೆ ಬಂದು ಬಿದ್ದುಕೊಂಡಿರುವುದು.

ಸಮುದ್ರ ಇಗ್ವಾನಾವನ್ನೇ ನೋಡಿ. ನೋಡಲು ನಮ್ಮ ಉಡದ ದೂರದ ನೆಂಟನಂತಿದ್ದರೂ ಕುಲ ಬೇರೆ. ಕಡಲಿಗೆ ಇಳಿದು ಪಾಚಿ ತಿಂದು ಬದುಕುವ ಹಲ್ಲಿಜಾತಿ ಜಗತ್ತಿನಲ್ಲಿ ಇದೊಂದೇ. ತಣ್ಣನೆ ನೀರಿನಿಂದ ಬಂದ ಮೇಲೆ ಮೈ ಕಾಯಿಸಿಕೊಳ್ಳಲು ಕಪ್ಪು ಲಾವಾ ಬಂಡೆಯ ಮೇಲೆ ನೂರಾರು ಒಂದರ ಮೇಲೊಂದು ಮಲಗಿರುತ್ತವೆ, ಆಗಾಗ ಮೂಗಿನಿಂದ ಉಪ್ಪುನೀರು ಸೀನುತ್ತವೆ. ಅದನ್ನು ನೋಡಲು ಬೇಕಾದುದು ಒಳ್ಳೆಯ ಚಪ್ಪಲಿ, ಈಜಲ್ಲ. ಹಾರಲಾರದ ನೀರುಕಾಗೆ, ನೀಲಿ ಕಾಲಿನ ಬೂಬಿ ಹಕ್ಕಿ, ಸೀ ಲಯನ್, ಪೆಲಿಕನ್ ಎಲ್ಲವೂ ಹೀಗೇ. ಪೆಂಗ್ವಿನ್‌ಗಳನ್ನು ಬಾರ್ತೊಲೊಮೆ ದ್ವೀಪದ ಚೂಪು ಬಂಡೆಯ ಬುಡದಲ್ಲೂ ಇಸಬೆಲಾದ ಪಶ್ಚಿಮ ದಡದಲ್ಲೂ ದೋಣಿಯಲ್ಲಿ ಕೂತೇ ನೋಡಬಹುದು. ಸಾಂತಾ ಕ್ರೂಸ್‌ನ ಉತ್ತರಕ್ಕಿರುವ ಬ್ಲ್ಯಾಕ್ ಟರ್ಟಲ್ ಕೋವ್ ಎಂಬ ಕಾಂಡ್ಲಾ ಹಿನ್ನೀರಿನಲ್ಲಿ ಎಂಜಿನ್ ನಿಲ್ಲಿಸಿ ಹುಟ್ಟು ಹಾಕುತ್ತಾರೆ. ಆಮೆ, ತೊರಕೆ ಮೀನು, ಬಿಳಿತುದಿಯ ಶಾರ್ಕ್ ದೋಣಿಯ ಪಕ್ಕದಲ್ಲೇ ಹಾದುಹೋಗುತ್ತವೆ. ಅಲ್ಲಿ ಈಜಿಗೆ ಅನುಮತಿಯೇ ಇಲ್ಲ, ಹಾಗಾಗಿ ಎಲ್ಲರೂ ಸಮಾನರು. ಇಲ್ಲಿ ಒಂದು ಉಪಾಯ: ಧ್ರುವೀಕೃತ ಗಾಜಿನ, ಅಂದರೆ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿ. ನೀರಿನ ಮೇಲಿನ ಹೊಳಪು ಕಡಿದು ಒಳಗಿರುವುದು ಕಾಣುತ್ತದೆ. ನಿಮ್ಮಂಥವರಿಗೆ ದೊಡ್ಡ ಕ್ಯಾಮೆರಾಕ್ಕಿಂತ ಇದು ಹೆಚ್ಚು ಉಪಯೋಗದ ವಸ್ತು.

ಹಡಗು ಗೊತ್ತು ಮಾಡುವ ಮೊದಲು ಏಜೆಂಟರನ್ನು ಒಂದು ಮಾತು ಖಂಡಿತ ಕೇಳಬೇಕು: "ಉಳಿದವರು ಸ್ನಾರ್ಕೆಲ್ ಮಾಡುವಾಗ ನೀರಿಗಿಳಿಯದವರಿಗೆ ಎರಡನೇ ಪಂಗಾ ಹೊರಡುತ್ತದೆಯೇ?" ಸ್ನಾರ್ಕೆಲ್ ಎಂದರೆ ಮಾಸ್ಕ್, ಉಸಿರುಕೊಳವೆ ಹಾಕಿಕೊಂಡು ಮುಖ ನೀರಲ್ಲಿಟ್ಟು ತೇಲುತ್ತ ನೋಡುವುದು; ಪಂಗಾ ಎಂದರೆ ಹಡಗಿನಿಂದ ದಡಕ್ಕೆ ಒಯ್ಯುವ ಸಣ್ಣ ದೋಣಿ. 16 ಜನರ ಹಡಗಿನಲ್ಲಿ ಸಾಮಾನ್ಯವಾಗಿ ಎರಡು ಪಂಗಾ ಇರುತ್ತವೆ, ಗೈಡ್ ಮಾತ್ರ ಒಬ್ಬರೇ. ಗೈಡ್ ಈಜುವವರ ಜೊತೆ ನೀರಿನಲ್ಲಿದ್ದರೆ ನಿಮ್ಮ ದೋಣಿಯಲ್ಲಿ ಹೆಸರು ಹೇಳುವವರು ಇರುವುದಿಲ್ಲ, ಆದರೂ ಬಂಡೆಯ ಅಂಚಿನಲ್ಲಿ ಸುತ್ತಾಡಿಸುವ ದೋಣಿಗಾರನ ಕಣ್ಣು ಬಹಳ ಸಲ ಗೈಡ್‌ಗಿಂತ ಚುರುಕು. ಕೆಲವು ಹಡಗುಗಳು ಈ ವ್ಯವಸ್ಥೆ ಮಾಡುವುದೇ ಇಲ್ಲ. ಅಂಥ ಹಡಗಿನಲ್ಲಿ ದಿನಕ್ಕೆ ಒಂದೆರಡು ಗಂಟೆ ನೀವು ಡೆಕ್ ಕಾಯಬೇಕು.

ಈಜು ಬಾರದೆಯೂ ಮುಖ ನೀರಲ್ಲಿಟ್ಟು ನೋಡಬಹುದು ಎಂಬುದೂ ತಿಳಿದಿರಲಿ. ಲೈಫ್ ಜಾಕೆಟ್ ಹಾಕಿ, ಗೈಡ್ ಎಳೆದೊಯ್ಯುವ ಉಂಗುರದಂಥ ಲೈಫ್ ಬಾಯ್ ಹಿಡಿದು, ಅಲೆಯಿಲ್ಲದ ಮರಳು ದಡದಲ್ಲಿ ಸೊಂಟದ ಆಳದಲ್ಲಿ. ಅಲ್ಲಿ ಹೋಗಿ ಮೊದಲ ಸಲ ಮಾಡಿದರೆ ಗಾಬರಿಯಾಗುವುದು ಖಚಿತ, ಏಕೆಂದರೆ ಬಾಯಿಂದ ಮಾತ್ರ ಉಸಿರಾಡುವುದು ಅಭ್ಯಾಸದ ಮಾತು. ಇಲ್ಲೇ ಯಾವುದಾದರೂ ರೆಸಾರ್ಟಿನ ನಾಲ್ಕಡಿ ಆಳದ ಕೊಳದಲ್ಲಿ, ಮಾಸ್ಕ್ ಮತ್ತು ಕೊಳವೆ ಹಾಕಿಕೊಂಡು, ನಿಂತಲ್ಲೇ ಬಗ್ಗಿ, ದಿನಕ್ಕೆ ಇಪ್ಪತ್ತು ನಿಮಿಷದಂತೆ ಐದಾರು ದಿನ ಮಾಡಿ. ಕಾವೇರಿಯಲ್ಲೋ ಹಾರಂಗಿಯಲ್ಲೋ ಬೇಡ; ಸೆಳೆತ ಕಾಣಿಸುವುದಿಲ್ಲ. ಮಾಸ್ಕ್ ಸರಿಹೊಂದುತ್ತದೆಯೇ ಎಂದು ನೋಡಲು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿಕೊಂಡರೆ ಸರಿ. ಕೊಡಗಿನ ಗಂಡಸರಿಗೆ ಇಲ್ಲೊಂದು ತೊಂದರೆ ಇದೆ: ಮೀಸೆ. ಕೂದಲಿನ ಸಂದಿನಿಂದ ನೀರು ಒಳಬರುತ್ತಲೇ ಇರುತ್ತದೆ. ಮೀಸೆ ಬೋಳಿಸಿ ಎಂದು ಹೇಳುವ ಧೈರ್ಯ ಇಲ್ಲ. ಮೂಗಿನ ಕೆಳಗೆ ಸಣ್ಣ ಪಟ್ಟಿಯಷ್ಟು ಕತ್ತರಿಸಿದರೆ ಸಾಕು, ಅಥವಾ ಅಲ್ಲಿಗೆ ಸಿಲಿಕೋನ್ ಗ್ರೀಸ್ ಸವರಿಕೊಳ್ಳಬಹುದು. ಕನ್ನಡಕ ಹಾಕುವವರಾದರೆ ಪವರ್ ಇರುವ ಮಾಸ್ಕ್ ಬೇಕು, ಸಾದಾ ಮಾಸ್ಕಿನೊಳಗೆ ಕನ್ನಡಕ ನಿಲ್ಲದು.

ವಾಂತಿಯ ವಿಷಯ

ಘಾಟಿಯಲ್ಲಿ ಆಗುವುದೂ ಕಡಲಲ್ಲಿ ಆಗುವುದೂ ಒಂದೇ ಮೂಲದ್ದು. ಒಳಕಿವಿ "ಚಲಿಸುತ್ತಿದ್ದೇವೆ" ಎನ್ನುತ್ತದೆ, ಕಣ್ಣು ಎದುರಿನ ಸೀಟನ್ನೋ ಕ್ಯಾಬಿನ್‌ನ ಗೋಡೆಯನ್ನೋ ನೋಡಿ "ಇಲ್ಲ" ಎನ್ನುತ್ತದೆ. ಆ ಜಗಳದ ಫಲ ಹೊಟ್ಟೆಗೆ. ಕಾರಿನಲ್ಲಿ ತಿರುವು, ಕಡಲಲ್ಲಿ ಏರಿಳಿತ. ಐದು ಸೆಕೆಂಡಿಗೆ ಒಂದು ಸಲ ಮೇಲೆ ಹೋಗಿ ಕೆಳಗಿಳಿಯುವಂಥ ನಿಧಾನದ ಅಲೆಯೇ ಎಲ್ಲಕ್ಕಿಂತ ಕೆಟ್ಟದ್ದು. ಘಾಟಿಯಲ್ಲಿ ವಾಂತಿ ಮಾಡುವವರಿಗೆ ಕಡಲಲ್ಲೂ ಆಗುವ ಸಂಭವ ಹೆಚ್ಚು ಎನ್ನುವುದು ಸರಿ. ಆದರೆ ಘಾಟಿಯಲ್ಲಿ ಒಂದು ಗಂಟೆಯೊಳಗೆ ಮುಗಿಯುತ್ತದೆ, ಮೈ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಹಡಗಿನಲ್ಲಿ ಎರಡು ಮೂರು ದಿನದಲ್ಲಿ ಹೆಚ್ಚಿನವರ ಮೈ ಒಗ್ಗಿಕೊಳ್ಳುತ್ತದೆ.

ಸಣ್ಣ ಹಡಗು ಹೆಚ್ಚು ತೂಗಾಡುತ್ತದೆ ಎಂಬುದೂ ನಿಜ, ಆದರೆ ಎಲ್ಲಿ, ಯಾವಾಗ ಎಂಬುದು ಮುಖ್ಯ. ಗಲಾಪಗೋಸ್‌ನಲ್ಲಿ ಎರಡು ಕಾಲ. ಜನವರಿಯಿಂದ ಮೇ ವರೆಗೆ ಬೆಚ್ಚಗಿನ ಕಾಲ: ಕಡಲು ಶಾಂತ, ನೀರು 24ರಿಂದ 27 ಡಿಗ್ರಿ, ಆಗಾಗ ಮಳೆ ಸುರಿದು ಹೋಗಿ ಮತ್ತೆ ಬಿಸಿಲು. ಜೂನ್‌ನಿಂದ ಡಿಸೆಂಬರ್ ವರೆಗೆ ತಂಪುಕಾಲ: ಆಗ್ನೇಯದ ಗಾಳಿ ಬಲವಾಗುತ್ತದೆ, ದಕ್ಷಿಣದಿಂದ ಬರುವ ಹಂಬೋಲ್ಟ್ ಪ್ರವಾಹ ನೀರನ್ನು ತಣ್ಣಗಾಗಿಸುತ್ತದೆ, ಗರೂವಾ ಎಂಬ ತುಂತುರು ಮಂಜು ಕವಿಯುತ್ತದೆ. ನಮ್ಮ ಮಡಿಕೇರಿಯ ಜುಲೈ ಬೆಳಗಿನ ಬಡ ನೆಂಟ ಎನ್ನಬಹುದು. ಕಡಲು ಅತ್ಯಂತ ಒರಟಾಗಿರುವುದು ಆಗಸ್ಟ್‌ನಿಂದ ಅಕ್ಟೋಬರ್ ವರೆಗೆ. ನಿಮಗೆ ಸೆಪ್ಟೆಂಬರ್‌ನಲ್ಲಿ ರಿಯಾಯಿತಿ ಸಿಗುವುದಕ್ಕೆ ಕಾರಣ ಇದೇ. ಹಲವು ಹಡಗುಗಳು ದುರಸ್ತಿಗೆ ಹೋಗುವುದೂ ಆಗಲೇ. ಮನೆಯವರ ಹೊಟ್ಟೆ ಹೀಗಿರುವಾಗ ಆ ತಿಂಗಳನ್ನು ಒಪ್ಪಬೇಡಿ.

ಹಾಗೆಂದು ತಂಪುಕಾಲ ಕೆಟ್ಟದ್ದಲ್ಲ, ಜೀವಿಗಳ ದೃಷ್ಟಿಯಿಂದ ಅದೇ ಸಮೃದ್ಧಿ. ಪಶ್ಚಿಮದಿಂದ ನೀರಡಿಯಲ್ಲಿ ಹರಿದು ಬರುವ ಕ್ರಾಮ್‌ವೆಲ್ ಪ್ರವಾಹ ಇಸಬೆಲಾ, ಫೆರ್ನಾಂಡಿನಾ ದ್ವೀಪಗಳ ಬುಡಕ್ಕೆ ಬಡಿದು ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರನ್ನು ಮೇಲೆತ್ತುತ್ತದೆ. ಆ ನೀರಿನಲ್ಲಿ ಸೂಕ್ಷ್ಮಜೀವಿ ಹೆಚ್ಚುತ್ತದೆ, ಅದರ ಹಿಂದೆ ಸಣ್ಣ ಮೀನು, ಅದರ ಹಿಂದೆ ಪೆಂಗ್ವಿನ್, ಬೂಬಿ, ತಿಮಿಂಗಿಲ. ಸಮಭಾಜಕದ ಮೇಲೆ ಪೆಂಗ್ವಿನ್ ಬದುಕಿರುವ ಗುಟ್ಟೇ ಇದು. ಶಾಂತಸಾಗರದ ನೀರು ಮಾಮೂಲಿಗಿಂತ ಬಿಸಿಯಾಗುವ ಎಲ್ ನಿನೊ ವರ್ಷದಲ್ಲಿ ಈ ತಣ್ಣೀರು ಮೇಲೇಳುವುದು ನಿಂತರೆ ಇಡೀ ಸರಪಳಿ ಕಡಿಯುತ್ತದೆ. 1982–83ರಲ್ಲಿ ಅಲ್ಲಿನ ಪೆಂಗ್ವಿನ್‌ಗಳಲ್ಲಿ ಮುಕ್ಕಾಲು ಪಾಲು ಸತ್ತವು. ಪಾಚಿ ಸಿಗದ ಇಗ್ವಾನಾಗಳು ದೇಹದ ಉದ್ದವನ್ನೇ ಕುಗ್ಗಿಸಿಕೊಳ್ಳುತ್ತವೆ, ಪಾಚಿ ಬಂದ ಮೇಲೆ ಮತ್ತೆ ಬೆಳೆಯುತ್ತವೆ. ಆದ್ದರಿಂದ ಹೊರಡುವ ವರ್ಷ ಎಲ್ ನಿನೊ ಸುದ್ದಿಯ ಮೇಲೆ ಕಣ್ಣಿಟ್ಟಿರಿ. ಹೂಮಳೆಯ ಲೆಕ್ಕ ಹಾಕುವವರಿಗೆ ಆ ಸುದ್ದಿ ಹೇಗೂ ಬೇಕಾಗುತ್ತದೆ.

ತೋಟದ ಕೆಲಸವನ್ನೂ ಲೆಕ್ಕ ಹಿಡಿದರೆ ನಿಮಗೆ ಒಪ್ಪುವುದು ಏಪ್ರಿಲ್ ಮಧ್ಯದಿಂದ ಮೇ ಮಧ್ಯ. ರೊಬಸ್ಟಾ ಕುಯ್ಲು ಮುಗಿದಿರುತ್ತದೆ, ಹೂ ಬಿಡಿಸುವ ನೀರೂ ಕಾಯಿ ನಿಲ್ಲಿಸುವ ಬ್ಯಾಕಿಂಗ್ ನೀರೂ ಕೊಟ್ಟಾಗಿರುತ್ತದೆ, ಮುಂಗಾರಿಗೆ ಇನ್ನೂ ಸಮಯ ಇರುತ್ತದೆ. ಅಲ್ಲಿ ಕಡಲು ಶಾಂತ, ನೀರು ತಿಳಿ. ಎಸ್ಪನೋಲಾ ದ್ವೀಪದ ಅಲೆಗೆರೆಯ ಆಲ್ಬಟ್ರಾಸ್‌ಗಳು ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ ಮರಳಿ ಬಂದಿರುತ್ತವೆ. ಜನವರಿಯಿಂದ ಮಾರ್ಚ್ ನಡುವೆ ಹೋದವರಿಗೆ ಆ ಹಕ್ಕಿ ಸಿಗುವುದೇ ಇಲ್ಲ, ಆದರೂ ಕರಪತ್ರದಲ್ಲಿ ಅದರ ಚಿತ್ರ ವರ್ಷವಿಡೀ ಇರುತ್ತದೆ. ನೀವು ಬಿಟ್ಟುಕೊಡಬೇಕಾದುದು ಹಂಪ್‌ಬ್ಯಾಕ್ ತಿಮಿಂಗಿಲ; ಅದು ಜೂನ್‌ನಿಂದ ಅಕ್ಟೋಬರ್ ನಡುವಿನದು. ತಿಮಿಂಗಿಲ ಶಾರ್ಕ್ ಆಸೆಯೂ ಬೇಡ. ಅವು ಬರುವುದು ದೂರದ ಡಾರ್ವಿನ್, ವುಲ್ಫ್ ದ್ವೀಪಗಳಿಗೆ, ಅಲ್ಲಿಗೆ ಹೋಗುವುದು ಸಿಲಿಂಡರ್ ಕಟ್ಟಿಕೊಂಡು ಮುಳುಗುವವರ ಸ್ಕೂಬಾ ಹಡಗುಗಳು ಮಾತ್ರ.

ಕ್ಯಾಬಿನ್ ಆರಿಸುವುದು ಬಸ್ಸಿನಲ್ಲಿ ಸೀಟು ಹಿಡಿದಂತೆ. ಹಿಂದಿನ ಸೀಟಿನವರು ಎಗರಿ ಬೀಳುತ್ತಾರೆ, ನಡುವಿನವರಿಗೆ ಅಷ್ಟಿಲ್ಲ. ಹಡಗಿನಲ್ಲಿ ಉದ್ದಕ್ಕೂ ಅಗಲಕ್ಕೂ ನಡುಭಾಗ, ಆದಷ್ಟು ಕೆಳಗಿನ ಡೆಕ್ ಒಳ್ಳೆಯದು. ಬಾಲ್ಕನಿ ಇರುವ ಮೇಲಿನ ಕ್ಯಾಬಿನ್‌ಗೆ ಹೆಚ್ಚು ಹಣ ಕೊಟ್ಟು ಹೆಚ್ಚು ತೂಗಾಟ ಕೊಳ್ಳುವವರು ಬಹಳ ಮಂದಿ. ಕೆಳಗಿನ ಡೆಕ್‌ನ ದೋಷ ಎಂಜಿನ್ ಸದ್ದು, ಡೀಸೆಲ್ ವಾಸನೆ. ಆದ್ದರಿಂದ ಎಂಜಿನ್ ಕೋಣೆಗೆ ತಾಗಿದ ಕ್ಯಾಬಿನ್ ಬೇಡ ಎಂದು ಡೆಕ್ ನಕ್ಷೆ ತರಿಸಿಕೊಂಡು ಹೇಳಿ. ಎರಡು ಒಡಲಿನ ಕ್ಯಾಟಮರಾನ್ ಪಕ್ಕಕ್ಕೆ ವಾಲುವುದು ಕಡಿಮೆ, ಆದರೆ ಎದುರಲೆಯಲ್ಲಿ ಮಾಂದಲಪಟ್ಟಿ ಜೀಪಿನ ಹಾಗೆ ಕುಟ್ಟುತ್ತದೆ. ಒಂದೇ ಒಡಲಿನ ಹಡಗು ತೊಟ್ಟಿಲಿನಂತೆ ನಿಧಾನ ತೂಗುತ್ತದೆ. ಘಾಟಿಯಲ್ಲಿ ಕಷ್ಟಪಡುವವರಿಗೆ ಸಾಮಾನ್ಯವಾಗಿ ಕ್ಯಾಟಮರಾನ್ ವಾಸಿ.

ಇದಕ್ಕಿಂತ ಮುಖ್ಯ, "ಯಾವ ರಾತ್ರಿ ಎಷ್ಟು ಗಂಟೆ ಸಾಗುತ್ತದೆ?" ಎಂಬ ಪ್ರಶ್ನೆ. ಹೆನೊವೆಸಾ ಮತ್ತು ಎಸ್ಪನೋಲಾ ಬಯಲು ಕಡಲಿನಾಚೆ ಇವೆ, ಇಡೀ ರಾತ್ರಿಯ ದಾರಿ. ಇಸಬೆಲಾದ ಉತ್ತರ ತುದಿ ಸುತ್ತುವುದೂ ಉದ್ದವೇ, ಆದರೆ ಬೊಲಿವರ್ ಕಾಲುವೆಗೆ ಬಂದ ಮೇಲೆ ನೆಮ್ಮದಿ. ಸಾಂತಾ ಕ್ರೂಸ್, ಬಾರ್ತೊಲೊಮೆ, ರಾಬಿದಾ, ಸಾಂತಿಯಾಗೊ ಕಡೆ ಹತ್ತಿರ ಹತ್ತಿರ. ಒಂದೇ ಹಡಗು ಒಂದೇ ತಾಣಕ್ಕೆ ಎರಡು ವಾರದೊಳಗೆ ಮರಳಿ ಹೋಗುವಂತಿಲ್ಲ ಎಂಬ ನಿಯಮ ಅಲ್ಲಿದೆ. ಆದ್ದರಿಂದ ಹಡಗುಗಳಿಗೆ ಎರಡು ಸುತ್ತು ಇರುತ್ತವೆ, ಈ ವಾರ ಹೋದದ್ದು ಮುಂದಿನ ವಾರ ಬೇರೆ ಕಡೆ. ಹಡಗಿನ ಹೆಸರು ನೋಡಿ ಗೊತ್ತು ಮಾಡಿದರೆ ಸಾಲದು. ನಿಮ್ಮ ತಾರೀಖಿನ ಸುತ್ತು ಯಾವುದು ಎಂದು ಬರವಣಿಗೆಯಲ್ಲಿ ಪಡೆಯಿರಿ.

ಮಾತ್ರೆಯ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು, ಹೊಟ್ಟೆ ತೊಳಸಿದ ಮೇಲೆ ನುಂಗುವುದು. ಆಗ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಕರಗಿ ರಕ್ತಕ್ಕೆ ಸೇರುವುದೂ ಇಲ್ಲ. ನಮ್ಮಲ್ಲಿ ಅವೊಮಿನ್ ಎಂದು ಸಿಗುವ ಪ್ರೊಮೆಥಜಿನ್ ಮಾತ್ರೆ ಅಥವಾ ಸಿನರಿಜಿನ್ ಯಾವುದಾದರೂ ಹಡಗು ಹೊರಡುವ ಮುಂಚೆ ಮೈಗೆ ಸೇರಿರಬೇಕು. ಸಂಜೆ ಊಟಕ್ಕೆ ಮುಂಚೆ, ಲಂಗರು ಎತ್ತುವ ಎರಡು ಗಂಟೆ ಮೊದಲೇ ತೆಗೆದುಕೊಳ್ಳುವುದು ರೂಢಿ. ಎರಡೂ ನಿದ್ದೆ ತರಿಸುತ್ತವೆ. ಹಡಗು ರಾತ್ರಿ ಸಾಗುವುದರಿಂದ ಅದು ಅನುಕೂಲವೇ, ಆದರೆ ಬೆಳಿಗ್ಗೆ ಮಂಪರು ಉಳಿದು ದೋಣಿ ಹತ್ತುವಾಗ ಕಾಲು ತಪ್ಪೀತು. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ, ಬಿಪಿ ಮಾತ್ರೆ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಯಾವುದೇ ಮಾತ್ರೆಯನ್ನು ಮೊದಲ ಸಲ ಹಡಗಿನಲ್ಲೇ ನುಂಗಬೇಡಿ, ಮನೆಯಲ್ಲಿ ಒಂದು ರಾತ್ರಿ ನೋಡಿ. ಶುಂಠಿ ಕೆಲವರಿಗೆ ಕೊಂಚ ಆರಾಮ ಕೊಡುತ್ತದೆ, ಮಾತ್ರೆಗೆ ಬದಲಿಯಲ್ಲ. ಖಾಲಿ ಹೊಟ್ಟೆ ಒಳ್ಳೆಯದು ಎಂಬುದು ತಪ್ಪು ನಂಬಿಕೆ. ಒಣ ಬಿಸ್ಕತ್ತು, ಅನ್ನ, ಬಾಳೆಹಣ್ಣು ಇರಲಿ, ಎಣ್ಣೆ ಮತ್ತು ಮದ್ಯ ಬೇಡ. ತೊಳಸಲು ಶುರುವಾದರೆ ಕ್ಯಾಬಿನ್‌ಗೆ ಓಡಬಾರದು. ಹೊರಗೆ ಬಂದು ಹಡಗಿನ ನಡುಭಾಗದಲ್ಲಿ ನಿಂತು ದಿಗಂತದ ಗೆರೆ ನೋಡಬೇಕು. ಮೊಬೈಲ್, ಪುಸ್ತಕ, ಬೈನಾಕ್ಯುಲರ್ ಮೂರನ್ನೂ ಆಗ ಕೆಳಗಿಡಿ.

ಭಯಪಡಬೇಕಾದುದು ಯಾವುದಕ್ಕೆ?

ಶಾರ್ಕ್‌ಗಲ್ಲ. ಅಲ್ಲಿ ನೀವು ಕಾಣುವುದು ಹೆಚ್ಚಾಗಿ ಬಿಳಿತುದಿಯವು, ಹಗಲಿಡೀ ಬಂಡೆಯಡಿ ಮಲಗಿರುವಂಥವು. ನೀರಿಗಿಳಿದವರಿಗೇ ಅಪಾಯ ಬಹಳ ಅಪರೂಪ, ದೋಣಿಯಲ್ಲಿರುವವರಿಗೆ ಇಲ್ಲವೇ ಇಲ್ಲ. ಎಚ್ಚರ ಬೇಕಾದುದು ಗಂಡು ಸೀ ಲಯನ್ ಬಗ್ಗೆ. ಅದು ತನ್ನ ಹೆಣ್ಣುಗಳ ದಡವನ್ನು ಕಾಯುತ್ತ, ಬೊಗಳುತ್ತ ಗಸ್ತು ತಿರುಗುತ್ತದೆ. ಅದಕ್ಕೂ ನೀರಿಗೂ ನಡುವೆ ನಿಲ್ಲಬಾರದು. ಮುಂದೆ ಬಂದರೆ ಬೆನ್ನು ತಿರುಗಿಸದೆ ಹಿಂದೆ ಸರಿಯಿರಿ. ಮರಿಗಳು ತಾವಾಗಿಯೇ ಹತ್ತಿರ ಬಂದು ಶೂ ಮೂಸುತ್ತವೆ. ಮುಟ್ಟಬಾರದು, ತಾಯಿ ಮರಿಯನ್ನು ಗುರುತಿಸುವುದು ವಾಸನೆಯಿಂದ. ಎಲ್ಲ ಪ್ರಾಣಿಗಳಿಂದ 2 ಮೀಟರ್ ದೂರ ಇರಬೇಕೆಂಬುದು ಗಲಾಪಗೋಸ್ ರಾಷ್ಟ್ರೀಯ ಉದ್ಯಾನದ ನಿಯಮ. ಫ್ಲ್ಯಾಶ್, ಡ್ರೋನ್, ತಿಂಡಿ ಹಾಕುವುದು ನಿಷಿದ್ಧ. ಚಿಪ್ಪು, ಹವಳ, ಕಲ್ಲು ಯಾವುದನ್ನೂ ಎತ್ತಿಕೊಳ್ಳುವಂತಿಲ್ಲ.

ನಿಜವಾಗಿ ಜನ ಪೆಟ್ಟು ಮಾಡಿಕೊಳ್ಳುವುದು ದೋಣಿ ಹತ್ತಿ ಇಳಿಯುವಾಗ. ದಡ ಸೇರುವುದು ಎರಡು ಬಗೆ. ಒಣ ಇಳಿತದಲ್ಲಿ ಪಂಗಾದಿಂದ ನೇರ ಬಂಡೆಗೋ ಮೆಟ್ಟಿಲಿಗೋ ಕಾಲಿಡಬೇಕು, ಪಾಚಿ ಕಟ್ಟಿದ ಕಲ್ಲು. ಒದ್ದೆ ಇಳಿತದಲ್ಲಿ ಅಂಚಿನ ಮೇಲೆ ಕೂತು ಕಾಲು ಹೊರಗೆ ಹಾಕಿ ಮೊಣಕಾಲಿನ ನೀರಿಗೆ ಇಳಿಯಬೇಕು. ಎರಡರಲ್ಲೂ ದೋಣಿಗಾರನ ಕೈ ಬೆರಳು ಹಿಡಿಯಬಾರದು. ಅವನು ನಿಮ್ಮ ಮುಂಗೈಯನ್ನು, ನೀವು ಅವನ ಮುಂಗೈಯನ್ನು ಹಿಡಿಯಬೇಕು. ಒಬ್ಬರ ಹಿಡಿತ ಜಾರಿದರೂ ಇನ್ನೊಬ್ಬರದು ಉಳಿಯುತ್ತದೆ. ಇನ್ನೊಂದು ಕೈ ಖಾಲಿ ಇರಲಿ, ಕ್ಯಾಮೆರಾ ಚೀಲದೊಳಗೆ. ಅಲೆ ದೋಣಿಯನ್ನು ಎತ್ತಿದ ಕ್ಷಣಕ್ಕೆ ಹೆಜ್ಜೆ ಇಡಿ, ದೋಣಿ ಕೆಳಕ್ಕೆ ಜಾರುವಾಗ ಅಲ್ಲ; "ಈಗ" ಎಂದು ಅವನೇ ಹೇಳುತ್ತಾನೆ. ಮರಳು ದಡದಲ್ಲಿ ನೀರಿನೊಳಗೆ ಕಾಲೆತ್ತಿ ಇಡದೆ ನೆಲ ಸವರಿಕೊಂಡು ನಡೆಯಿರಿ. ಮರಳಲ್ಲಿ ಹುದುಗಿರುವ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ, ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಮಂಡಿನೋವಿದ್ದರೆ ಎಸ್ಪನೋಲಾದ ಪುಂತಾ ಸುವಾರೆಸ್ ದಾರಿಯ ಗುಂಡುಕಲ್ಲುಗಳು ಕಷ್ಟ, ಕೋಲು ಒಯ್ಯಿರಿ. ಅದರ ತುದಿಗೆ ರಬ್ಬರ್ ಇರಬೇಕು.

ತೋಟದ ಬೂಟನ್ನಂತೂ ಒಯ್ಯಲೇಬೇಡಿ. ದ್ವೀಪಕ್ಕೆ ಹೊರಡುವ ವಿಮಾನ ನಿಲ್ದಾಣದಲ್ಲೇ ಬ್ಯಾಗ್ ತಪಾಸಣೆ ಮಾಡುತ್ತಾರೆ. ಮಣ್ಣು, ಬೀಜ, ಹಣ್ಣು, ಗಿಡ ಯಾವುದೂ ಹೋಗುವಂತಿಲ್ಲ, ಹಸಿ ಕಾಫಿ ಬೀಜವೂ ಅಷ್ಟೆ. ಅತಿ ಎನ್ನಿಸಿದರೆ ಇದನ್ನು ಕೇಳಿ: ಆ ದ್ವೀಪಗಳ ಕಾಡನ್ನು ಇಂದು ನುಂಗುತ್ತಿರುವ ಕಳೆಗಳಲ್ಲಿ ಬಹಳ ಕೆಟ್ಟದ್ದೊಂದು ನಮ್ಮ ಪಶ್ಚಿಮ ಘಟ್ಟದ ಎತ್ತರದ ಬೆಟ್ಟಗಳಲ್ಲೂ ಬೆಳೆಯುವ ಮುಳ್ಳುಹಣ್ಣಿನ ಪೊದೆ. ಅದಕ್ಕೆ ಮೈಸೂರು ರಾಸ್‌ಬೆರಿ ಎಂಬ ಹೆಸರೂ ಇದೆ. ಲಂಟಾನ ಕೂಡ ಅಲ್ಲಿ ತಲುಪಿದೆ. ನಾಗರಹೊಳೆಯ ಅಂಚಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಕ್ಯಾಮೆರಾ ಮತ್ತು ಬೈನಾಕ್ಯುಲರ್

ಪ್ರಾಣಿಗಳು ಎರಡು ಮೀಟರ್ ದೂರದಲ್ಲಿರುವಾಗ ದೊಡ್ಡ ಲೆನ್ಸ್ ಬೇಡ. ಒಳ್ಳೆಯ ಫೋನ್ ಸಾಕು. ಹಾರುವ ಹಕ್ಕಿಯ ಆಸೆಯಿದ್ದರೆ ಮಾತ್ರ 100–400 ಲೆನ್ಸ್, ದೋಣಿಯಿಂದ ತೆಗೆಯುವಾಗ ಶಟರ್ ವೇಗ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ನಿಧಾನ ಬೇಡ. ಏಸಿ ಕ್ಯಾಬಿನ್‌ನಿಂದ ನೇರ ಹೊರಗೆ ತಂದರೆ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಚೀಲದಲ್ಲೇ ಮುಚ್ಚಿ ಅರ್ಧ ಗಂಟೆ ಹೊರಗಿಟ್ಟು ನಂತರ ತೆರೆಯಿರಿ.

ದುಡ್ಡು ಹಾಕುವುದಾದರೆ ಬೈನಾಕ್ಯುಲರ್‌ಗೆ ಹಾಕಿ: 8x42, ನೀರು ಹೊಗದಂಥದು. ಹತ್ತು ಪಟ್ಟು, ಹನ್ನೆರಡು ಪಟ್ಟಿನದು ಹೆಚ್ಚು ಎನ್ನಿಸಬಹುದು, ಆದರೆ ಅದು ಹಡಗಿನ ಅಲುಗಾಟವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ತಿಮಿಂಗಿಲ ಹುಡುಕುವುದಕ್ಕೆ ಮಾತ್ರ ಮೊದಲೇ ಬೈನಾಕ್ಯುಲರ್ ಹಿಡಿಯಬಾರದು. ಬರಿಗಣ್ಣಿನಿಂದ ಹತ್ತಿರದಿಂದ ದಿಗಂತದ ತನಕ ನಿಧಾನ ಗುಡಿಸಿದಂತೆ ನೋಡಿ. ಹುಡುಕಬೇಕಾದುದು ಪ್ರಾಣಿಯನ್ನಲ್ಲ, ಸುಳಿವನ್ನು: ಒಂದೇ ಕಡೆ ಮುತ್ತುವ ಹಕ್ಕಿಗಳು, ನೊರೆಯಿಲ್ಲದ ನುಣುಪಾದ ನೀರಿನ ತೇಪೆ, ಆವಿಯಂಥ ಉಸಿರು. ಗಾಳಿಗೆ ಅಲೆಯ ತಲೆ ಎಲ್ಲೆಡೆ ಬೆಳ್ಳಗಾಗಿದ್ದರೆ ಆ ಹೊತ್ತು ಬಿಟ್ಟುಬಿಡಿ, ಯಾವುದು ಉಸಿರು ಯಾವುದು ನೊರೆ ತಿಳಿಯದು. ಕಂಡಾಗ ಗಡಿಯಾರದ ಲೆಕ್ಕದಲ್ಲಿ ಕೂಗಿ ಹೇಳಿ. ಹಡಗಿನ ಮೂತಿ 12 ಗಂಟೆ, ಬಲಬದಿ 3. ಉಸಿರು ಎಡಕ್ಕೂ ಮುಂದಕ್ಕೂ ಓರೆಯಾಗಿ ಚಿಮ್ಮಿದರೆ ಸ್ಪರ್ಮ್ ತಿಮಿಂಗಿಲ, ಅದು ಬಾಲವೆತ್ತಿ ಮುಳುಗಿತೆಂದರೆ ಮುಕ್ಕಾಲು ಗಂಟೆ ಮೇಲೆ ಬರದೆಯೂ ಇರಬಹುದು, ಕಾಫಿ ಕುಡಿದು ಬನ್ನಿ. ಬಾಲ ತೋರಿಸದೆ ಬೆನ್ನು ಬಾಗಿಸಿ ಮುಳುಗುವುದು, ತಲೆಯ ಮೇಲೆ ಮೂರು ಏಣು ಇರುವುದು ಬ್ರೈಡ್ಸ್ ತಿಮಿಂಗಿಲ. ಕೆಲವು ನಿಮಿಷದಲ್ಲಿ ಮತ್ತೆ ಏಳುತ್ತದೆ, ಕಾಯಬಹುದು.

ಯಾವುದನ್ನು ಆರಿಸಲಿ?

16 ಜನರ ಕ್ಯಾಟಮರಾನ್‌ನಲ್ಲಿ ಏಳು ರಾತ್ರಿ, ಪಶ್ಚಿಮದ ಸುತ್ತು, ಏಪ್ರಿಲ್ ಕೊನೆ: ನಿಮಗೆ ನನ್ನ ಮೊದಲ ಸಲಹೆ. ಐದು ದಿನದ ಪ್ಯಾಕೇಜ್ ಎಂದರೆ ಬರುವ ಹೋಗುವ ದಿನ ಕಳೆದು ಮೂರೇ ಪೂರ್ತಿ ದಿನ, ಮೈ ಒಗ್ಗುವ ಹೊತ್ತಿಗೆ ಮುಗಿಯುತ್ತದೆ. ಇದರ ಕೊರತೆ, ಹಡಗಿನಲ್ಲಿ ಸಾಮಾನ್ಯವಾಗಿ ವೈದ್ಯರಿರುವುದಿಲ್ಲ. ನಿಮಗೆ ಹೃದಯದ ತೊಂದರೆಯೇನಾದರೂ ಇದ್ದರೆ ದೊಡ್ಡ ಹಡಗೇ ಸರಿ. ಅಲ್ಲಿ ದೊಡ್ಡದೆಂದರೂ ನೂರು ಜನರ ಮಿತಿ ಇದೆ. ತೂಗಾಟ ತಡೆಯುವ ರೆಕ್ಕೆ, ವೈದ್ಯರು, ಕೆಲವದರಲ್ಲಿ ಗಾಜಿನ ತಳದ ದೋಣಿ ಸಿಗುತ್ತವೆ. ಈಜದವರಿಗೆ ಅದು ದೊಡ್ಡ ವರ. ಆದರೆ ಇಳಿಯಲು ಸರದಿ ಕಾಯಬೇಕು, ಎಲ್ಲ ತಾಣಗಳಿಗೂ ಹೋಗಲಾಗದು.

ಹಡಗೇ ಬೇಡ, ದ್ವೀಪದ ಊರಲ್ಲಿ ಉಳಿದು ದಿನದಿನ ಹೋಗಿಬರೋಣ ಎಂಬ ಯೋಚನೆ ಅಗ್ಗ, ಆದರೆ ನಿಮ್ಮ ಮನೆಯವರಿಗೆ ಅದೇ ಅತ್ಯಂತ ಕಷ್ಟದ್ದು. ದ್ವೀಪದಿಂದ ದ್ವೀಪಕ್ಕೆ ಹೋಗುವ ಸ್ಪೀಡ್ ಬೋಟ್ ಎರಡು ಗಂಟೆಗೂ ಹೆಚ್ಚು ಹೊತ್ತು ಅಲೆಯಿಂದ ಅಲೆಗೆ ಎತ್ತಿ ಬಡಿಯುತ್ತದೆ. ಬೆನ್ನಿನವರಿಗೂ ಹೊಟ್ಟೆಯವರಿಗೂ ಆಗದು. ಸಾನ್ ಕ್ರಿಸ್ಟೊಬಾಲ್ ಒಂದರಲ್ಲೇ ನಾಲ್ಕು ದಿನ ಉಳಿದರೆ ಬೇರೆ ಮಾತು. ಅಲ್ಲಿ ಸೀ ಲಯನ್‌ಗಳು ಊರಿನ ಬೆಂಚಿನ ಮೇಲೆಯೇ ಮಲಗುತ್ತವೆ. ಫೆರ್ನಾಂಡಿನಾ ಮಾತ್ರ ಹಡಗಿಲ್ಲದೆ ದಕ್ಕದು.

ಖರ್ಚಿನಲ್ಲಿ ಏಜೆಂಟರು ಸೇರಿಸದೆ ಬಿಡುವವು: 2024ರ ಆಗಸ್ಟ್‌ನಿಂದ ಉದ್ಯಾನದ ಪ್ರವೇಶ ಶುಲ್ಕ ವಿದೇಶಿ ವಯಸ್ಕರಿಗೆ 200 ಡಾಲರ್, ದ್ವೀಪಕ್ಕೆ ಹೋಗುವ ಕಾರ್ಡ್‌ಗೆ 20 ಡಾಲರ್, ಜೊತೆಗೆ ನೀರಲ್ಲಿ ಮೈ ಬೆಚ್ಚಗಿಡುವ ವೆಟ್‌ಸೂಟ್ ಬಾಡಿಗೆ, ಸಿಬ್ಬಂದಿಗೆ ಕೊಡುವ ಟಿಪ್ಸ್. ಭಾರತೀಯರಿಗೆ ಎಕ್ವಡಾರ್ ವೀಸಾ ಬೇಕು, ಅಮೆರಿಕ ದಾರಿಯಲ್ಲಿ ಹೋದರೆ ಅಲ್ಲಿನ ವೀಸಾ ಕೂಡ. ಎಕ್ವಡಾರ್ ರಾಜಧಾನಿ ಕೀಟೊ ಸಮುದ್ರ ಮಟ್ಟದಿಂದ 2,850 ಮೀಟರ್ ಎತ್ತರ, ನಮ್ಮ ತಡಿಯಂಡಮೋಳ್‌ಗಿಂತ ಒಂದು ಕಿಲೋಮೀಟರಿಗೂ ಹೆಚ್ಚು ಮೇಲೆ. ದಣಿದು ಇಳಿದ ರಾತ್ರಿಯೇ ತಲೆನೋವು ತರುವ ಎತ್ತರ ಅದು. ಕಡಲ ಮಟ್ಟದಲ್ಲಿರುವ ಗ್ವಯಾಕಿಲ್ ನಗರದ ಮೂಲಕ ದ್ವೀಪಕ್ಕೆ ಹೋಗುವುದು ವಾಸಿ.

ಏಜೆಂಟರು ಬಹುಶಃ ಹೇಳದೆ ಬಿಟ್ಟ ಇನ್ನೊಂದು ವಿಷಯ ನಿಮ್ಮ ಮಟ್ಟಿಗೆ ಗಂಭೀರ. ಎಕ್ವಡಾರ್ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು ಆರು ದಿನದೊಳಗೆ ಮರಳುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ ಹತ್ತು ದಿನದ ನಂತರವೇ ಪತ್ರಕ್ಕೆ ಬೆಲೆ. ಅದು ಜೀವಂತ ವೈರಸ್‌ನ ಲಸಿಕೆ. 60 ದಾಟಿದವರಲ್ಲಿ ತೀವ್ರ ಅಡ್ಡಪರಿಣಾಮದ ಸಂಭವ ಅಪರೂಪವಾದರೂ ಕಿರಿಯರಿಗಿಂತ ಹೆಚ್ಚು. ನಿಮಗೆ 61. ಆದ್ದರಿಂದ ಟಿಕೆಟ್‌ಗೂ ಮುಂಚೆ, ನಿಮ್ಮ ಕಾಯಿಲೆ ಮತ್ತು ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರ ಹತ್ತಿರ ಹೋಗಿ ಇದನ್ನು ತೀರ್ಮಾನಿಸಿ. ಅವರು ಬೇಡ ಎಂದರೆ ಯೋಜನೆಯನ್ನೇ ಬದಲಿಸಬೇಕಾಗುತ್ತದೆ. ಆಗ ಲಕ್ಷದ್ವೀಪ ಇದೆ: ಅಗಟ್ಟಿ, ಬಂಗಾರಂಗಳ ಲಗೂನಿನಲ್ಲಿ ಹಸಿರು ಕಡಲಾಮೆ ಧಾರಾಳ, ಗಾಜಿನ ತಳದ ದೋಣಿಯೂ ಉಂಟು. ಅನುಮತಿ ಪತ್ರ ಬೇಕು, ಮುಂಗಾರಿನಲ್ಲಿ ಆಗದು.

ವೈದ್ಯರು ಸರಿ ಎಂದರೆ ಇನ್ನೊಂದೇ ಕೆಲಸ ಬಾಕಿ. ಮಳೆ ನಿಂತ ಮೇಲೆ, ಪುತ್ತರಿ ಹಬ್ಬಕ್ಕೆ ಮುಂಚೆ, ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪಕ್ಕೆ ಹೋಗುವ ಬೋಟ್ ಹತ್ತಿ. ಸುಮಾರು 19 ಕಿಲೋಮೀಟರ್ ಬಯಲು ಕಡಲು. ಅಲ್ಲಿ ದ್ವೀಪದ ಪಕ್ಕ ಬೋಟ್ ನಿಂತು ತೂಗುವ ಹೊತ್ತೇ ನಿಜವಾದ ಪರೀಕ್ಷೆ. ಮನೆಯವರು ವೈದ್ಯರು ಹೇಳಿದ ಮಾತ್ರೆಯನ್ನು ಸಮಯಕ್ಕೆ ಸರಿಯಾಗಿ ತೆಗೆದುಕೊಂಡು, ದಿಗಂತ ನೋಡುತ್ತ ಆ ಅರ್ಧ ದಿನವನ್ನು ಕಳೆದರೆ, ಶಾಂತ ತಿಂಗಳ ಗಲಾಪಗೋಸ್ ಅದಕ್ಕಿಂತ ಕಷ್ಟವಾಗಲಾರದು. ಏಜೆಂಟರಿಗೆ ಮುಂಗಡ ಕಟ್ಟುವುದು ಅದಾದ ಮೇಲೆ.